ನಾಲ್ಕು ಬೆರಳಿನ ಅಂತರ

ನೀರಿನ ಕಚೇರಿಯ ಈ ತಪಾಸಣೆಗಾರ ಕಂಡದ್ದನ್ನು ಕಂಡ ಹಾಗೇ ಬರೆಯುತ್ತಾನೆ, ಯಾರ ಹೆಸರೇ ಬರಲಿ. ಇಪ್ಪತ್ತೆರಡು ವರ್ಷ ಹಾಗೇ ಬರೆದಿದ್ದಾನೆ. ಅದಕ್ಕೇ ಅವನ ಬಗ್ಗೆ ಹೇಳಬೇಕು.

ಎಲ್ಲರೂ ಅವನನ್ನು ನಾಲ್ಬೆರಳಣ್ಣ ಅನ್ನುತ್ತಾರೆ. ಮನೆಯೋ ಅಂಗಡಿಯೋ, ಹೋದವನೇ ನಲ್ಲಿಯ ಬಾಯಿಗೂ ತೊಟ್ಟಿಯ ಅಂಚಿಗೂ ನಡುವೆ ನಾಲ್ಕು ಬೆರಳು ಅಡ್ಡ ಇಟ್ಟು ನೋಡುತ್ತಾನೆ. ಬೆರಳು ಹಿಡಿಸಿದರೆ ಸರಿ. ನಲ್ಲಿಗೆ ಹಾಕಿದ ಪೈಪಿನ ತುದಿ ನೀರಲ್ಲಿ ಮುಳುಗಿದ್ದರೆ ನೋಟಿಸು. ಬೀದಿಯ ವಾಲ್ವು ಮುಚ್ಚಿದಾಗ ಮುಳುಗಿದ ಪೈಪು ತೊಟ್ಟಿಯಲ್ಲಿರುವುದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಅದೇ ಎಲ್ಲರ ಮನೆಯ ನಲ್ಲಿಗೆ. “ನನ್ನ ಕೈ ಹಿಡಿದಾಗ್ಲೂ ನಾಲ್ಕೇ ಬೆರಳು ಕೊಟ್ರಿ, ಹೆಬ್ಬೆರಳು ಇನ್ನೂ ಬಾಕಿ” ಅಂತ ಹೆಂಡತಿ ರೇಗಿಸುತ್ತಾಳೆ.

ಒಂದು ಮಂಗಳವಾರ ಬೆಳಗ್ಗೆ ಪೈಪಿನ ಜಾಯಿಂಟು ಒಡೆದು, ಅವನೇ ಓಡಿಹೋಗಿ ವಾಲ್ವು ಮುಚ್ಚಿದ. ರಿಪೇರಿ ಮುಗಿಸಿ ಮಧ್ಯಾಹ್ನ ತೆರೆದರೆ ಬೀದಿಯ ನಲ್ಲಿಗಳಲ್ಲೆಲ್ಲ ನೊರೆ.

“ನೊರೆ ಅಂದ್ರೆ ಲಾಂಡ್ರಿ. ಹೋಗಿ ಸೀಲ್ ಹಾಕು” ಅಂದರು ಸಾಹೇಬರು.

ಲಾಂಡ್ರಿಯಲ್ಲಿ ತೊಟ್ಟಿಯ ಮೇಲೆ ನಾಲ್ಕು ಬೆರಳು ಹಿಡಿಸಿ ಇನ್ನೂ ಜಾಗ ಉಳಿಯಿತು. ಆದರೂ ಸಾಹೇಬರ ಮಾತಿಗೆ ನಲ್ಲಿಗೆ ಸೀಲು ಹಾಕಿದ.

“ಬೆರಳು ಹಿಡಿಸ್ತಲ್ಲಣ್ಣ?” ಅಂದಳು ಲಾಂಡ್ರಿ ನಡೆಸುವ ಅಕ್ಕ.

“ಹಿಡಿಸ್ತಕ್ಕ.”

“ಮತ್ಯಾಕೆ ಸೀಲು? ನಾಳೆ ಸಂಜೆ ಆಸ್ಪತ್ರೆಗೆ ಮುನ್ನೂರು ಬೆಡ್‌ಶೀಟ್ ಕೊಡ್ಬೇಕು. ತಪ್ಪಿದ್ರೆ ಆ ಕೆಲಸ ಇನ್ನೊಬ್ರ ಪಾಲು. ಏಳು ಜನ ಹೆಂಗಸ್ರು ಇದನ್ನೇ ನಂಬ್ಕೊಂಡಿದ್ದಾರೆ. ನನ್ನ ಸೋಪು ಮೂಸಿ ನೋಡಿ, ವಾಸನೇನೇ ಇಲ್ಲ. ಆ ನೊರೆ ಮೂಸಿ, ನಿಂಬೆಹಣ್ಣು!”

ಎರಡನ್ನೂ ಮೂಸಿದ. ಹೌದು. ಹಾಗಾದರೆ ನಿಂಬೆ ಎಲ್ಲಿಂದ ಬಂತು? ನೊರೆನೀರನ್ನು ಬಾಟಲಿಗೆ ತುಂಬಿಕೊಂಡು ಅಂಗಡಿ ಅಂಗಡಿ ಹತ್ತಿ ಇಳಿದ. ಹೋಟೆಲಿನ ಪಾತ್ರೆ ಸೋಪು ಬೇರೆ. ಕಾರು ತೊಳೆಯುವವನದ್ದು ಗುಲಾಬಿ ವಾಸನೆ.

“ಏನಣ್ಣ, ಪೊಲೀಸ್ ನಾಯಿ ಕೆಲ್ಸ ಸಿಕ್ತಾ?” ಅಂದ ಕ್ಷೌರದವನು.

“ಹೂಂ, ಬೊಗಳೋದೊಂದು ಕಲೀಬೇಕು.”

ಸಂಜೆ ಬರಿಗೈಲಿ ಬೀದಿಯ ಕೊನೆಗೆ, ಕಚೇರಿಯ ಅಂಗಳಕ್ಕೆ ಬಂದ. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಇನ್ನೂ ಜಾಯಿಂಟಿನ ಗುಂಡಿ ಮುಚ್ಚುತ್ತಿದ್ದರು. ಗೇಟು ದಾಟಿದ್ದೇ ಮೂಗಿಗೆ ನಿಂಬೆ. ಚರಂಡಿ ಲಾರಿ ತೊಳೆಯುವ ಸೋಪಿನ ಡ್ರಮ್ಮು ತುಂಬಿ ಚೆಲ್ಲುತ್ತಿತ್ತು. ಪೈಪಿನ ತುದಿ ಅದರೊಳಗೆ ಮುಳುಗಿತ್ತು.

ಯಾರು ಹಾಕಿದ್ದು? ಯೋಚಿಸಬೇಕಾಗಲಿಲ್ಲ. ಬೆಳಗ್ಗೆ ತಾನೇ ಇಲ್ಲಿ ಬೂಟು ತೊಳೆಯುವಾಗ ಜಾಯಿಂಟು ಒಡೆದ ಫೋನು ಬಂದಿತ್ತು. ಪೈಪು ಹಾವಿನ ಹಾಗೆ ಕುಣಿಯುತ್ತಿತ್ತು. ಡ್ರಮ್ಮಿಗೆ ತುರುಕಿ, ನಲ್ಲಿ ನಿಲ್ಲಿಸದೆ ಓಡಿದ್ದ.

ಈಗ ಎಳೆದು ಬಿಸಾಕಿದರೆ ಮುಗಿಯಿತು. ಎಳೆದ, ನಲ್ಲಿ ನಿಲ್ಲಿಸಿದ. ಒಂದು ನೋಟಿಸು ಬರೆದ. ಆಮೇಲೆ ಸಾಹೇಬರ ಕೋಣೆಗೆ ನಡೆದು, ವಿಷಯ ಹೇಳಿ ನೋಟಿಸು ಮುಂದಿಟ್ಟ.

“ಯಾರೂ ನೋಡಿಲ್ಲ ತಾನೆ?”

“ನಾನು ನೋಡಿದ್ನಲ್ಲ ಸಾರ್.”

“ನಮ್ಮ ನಲ್ಲಿಗೇ ನೋಟಿಸಾ? ರೂಲ್ಸು ಮಾಡಿದೋರೇ ನಾವು ಕಣಯ್ಯ.”

“ನಲ್ಲಿಗೆ ಅದು ಗೊತ್ತಿಲ್ಲ ಸಾರ್.”

ಸಾಹೇಬರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಕೊನೆಗೆ ಸಹಿ ಹಾಕಿದರು. ತಪ್ಪು ಮಾಡಿದವರು ಅನ್ನುವ ಜಾಗದಲ್ಲಿ ಅವನು ತನ್ನ ಹೆಸರೇ ಬರೆದಿದ್ದ.

ಕತ್ತಲಾಗುವ ಮೊದಲು ಲಾಂಡ್ರಿಯ ಸೀಲು ಕಿತ್ತು, ನಡೆದದ್ದು ಹೇಳಿದ. ಅಕ್ಕ ನಲ್ಲಿ ತಿರುಗಿಸಿ, ನೊರೆ ಹೋಗಿ ತಿಳಿನೀರು ಬರುವ ತನಕ ಹರಿಯಬಿಟ್ಟಳು.

“ಬೈಯೋಣ ಅಂದ್ರೆ ಟೈಮಿಲ್ಲ, ಮುನ್ನೂರು ಬಟ್ಟೆ ಇದೆ. ನಾಳೆ ಬನ್ನಿ, ಸಮಾಧಾನವಾಗಿ ಬೈತೀನಿ.”

ಮರುದಿನ ಸಂಜೆ ಬೆಡ್‌ಶೀಟುಗಳು ಆಸ್ಪತ್ರೆಗೆ ಹೋದವು. ಅವನು ಹೋಗಿ ಬೈಸಿಕೊಂಡು ಬಂದ.

ಆ ನೋಟಿಸು ಅಂಗಳದ ನಲ್ಲಿಯ ಮೇಲೆ ಇನ್ನೂ ಇದೆ. ದಿನಾ ಬೆಳಗ್ಗೆ ಎಂಟು ಗಂಟೆಗೆ ಅವನು ಅಲ್ಲೇ ಬೂಟು ತೊಳೆಯುತ್ತಿರುತ್ತಾನೆ. ಒಮ್ಮೆ ಹೋಗಿ ಮಾತಾಡಿಸಿ. ಹೊರಡುವ ಮೊದಲು ನಿಮ್ಮ ಮನೆಯ ಪೈಪಿನ ತುದಿ ಎಲ್ಲಿದೆ ನೋಡಿಕೊಳ್ಳಿ. ಅವನು ಮೊದಲು ಕೇಳುವುದೇ ಅದನ್ನು.