ಐವತ್ತೆರಡನೆಯ ಎಲೆ

ಫೋಟೊಗಳ ಬಾಯಲ್ಲಿ ಸುಳ್ಳು ಹೇಳಿಸುವುದೇ ನನ್ನ ಹೊಟ್ಟೆಪಾಡು. ಬೋಳುತಲೆಗೆ ಕೂದಲು ಕೂಡಿಸುತ್ತೇನೆ, ಮುಖ ಕಂಡರಾಗದ ಅಣ್ಣತಮ್ಮಂದಿರನ್ನು ಒಂದೇ ಫ್ರೇಮಿನಲ್ಲಿ ನಿಲ್ಲಿಸುತ್ತೇನೆ. ಅಂಥವನು ಇದು ನಿಜವಾಗಿ ನಡೆದದ್ದು ಎಂದು ಆಣೆ ಮಾಡಿದರೆ ಯಾರು ನಂಬುತ್ತಾರೆ? ಆದರೂ ಹೇಳುತ್ತೇನೆ. ಹೇಳದೆ ಇಟ್ಟುಕೊಂಡು ರಾತ್ರಿ ನೂಕುವುದು ಕಷ್ಟವಾಗಿದೆ.

ಟಿಳಕವಾಡಿಯಲ್ಲಿ ನನ್ನದೊಂದು ಸಣ್ಣ ಫೋಟೊ ಪ್ರಿಂಟಿಂಗ್ ಅಂಗಡಿ. ಚಹಾ ಕಪ್ಪು, ಕೀಚೈನು, ಕ್ಯಾಲೆಂಡರು... ಯಾವುದರ ಮೇಲೆ ಬೇಕಾದರೂ ಮುಖ ಅಚ್ಚು ಹಾಕಿಕೊಡುತ್ತೇನೆ. ಶೋಕೇಸಿನ ಎಲ್ಲ ಮಾದರಿಗಳ ಮೇಲೂ ನನ್ನ ಹೆಂಡತಿ ಶೋಭಾಳ ನಗುಮುಖವೇ. ಬಿಟ್ಟಿ ಸಿಕ್ಕಳೆಂದು ನನ್ನ ಮುಖ ಊರಿಗೆಲ್ಲ ಹಂಚಿದ್ದೀರಿ ಎಂದು ಅವಳು ನನ್ನನ್ನು ಕಾಡಿಸುತ್ತಿದ್ದಳು.

ಹೋದ ವರ್ಷ ಖಾನಾಪುರದಿಂದ ಗುರುಪಾದ ಕಾಕಾ ಎಂಬ ಮುದುಕರು ಬಂದರು. ಒಂದು ಕಾಲಕ್ಕೆ ಅಲ್ಲಿ ಸ್ಟುಡಿಯೊ ನಡೆಸಿದವರು. ಲಕೋಟೆಯ ತುಂಬ ಹಳೆಯ ಕಪ್ಪು ಬಿಳುಪು ಫೋಟೊಗಳು. ಎಲೆಗೊಂದು ಮುಖ ಹಾಕಿ ಇಸ್ಪೀಟಿನ ಕಟ್ಟು ಮಾಡಿಕೊಡಬೇಕು, ನಾನೊಬ್ಬನೇ ಕೂತು ಆಡುವುದಕ್ಕೆ ಎಂದರು.

ಸ್ಕ್ಯಾನ್ ಮಾಡುವಾಗ ಒಂದು ಸಂಗತಿ ಕಂಡಿತು. ಗಂಡಸು, ಹೆಂಗಸು, ಕೂಸು... ಮುಖ ಬೇರೆ ಬೇರೆ. ಕಣ್ಣು ಮಾತ್ರ ಎಲ್ಲರದೂ ಒಂದೇ ಥರ, ರೆಪ್ಪೆ ಬಡಿಯಲು ಮರೆತಂತೆ. ಎಣಿಸಿದರೆ ಐವತ್ತೊಂದೇ ಫೋಟೊ. ಕಾಕಾಗೆ ಫೋನು ಹತ್ತಲಿಲ್ಲ. ಹಾಳೆಯಲ್ಲಿ ಒಂದು ಚೌಕ ಖಾಲಿ ಉಳಿದರೆ ನಮ್ಮ ಕಸುಬಿನಲ್ಲಿ ಮಾದರಿಯ ಫೋಟೊ ಕೂರಿಸುವುದು ರೂಢಿ. ಶೋಭಾಳನ್ನು ಕೂರಿಸಿದೆ. ಆಟೀನ್ ರಾಣಿ. ಆಮೇಲೆ ಬದಲಿಸಿದರಾಯಿತು ಅಂದುಕೊಂಡೆ, ಮರೆತೆ.

ಕಟ್ಟು ತೆಗೆದುಕೊಂಡು ಬೈಕಿನಲ್ಲಿ ಖಾನಾಪುರ ಮುಟ್ಟುವಾಗ ಕತ್ತಲಾಗಿತ್ತು. ಊರ ಹೊರಗೆ ಒಂಟಿ ಹೆಂಚಿನ ಮನೆ. ಒಳಗೆ ಕಾಲಿಟ್ಟ ಕೂಡಲೇ ಹುಳಿ ವಾಸನೆ... ಹಳೆಯ ಡಾರ್ಕ್‌ರೂಮಿನ ಔಷಧಿಯದು. ಒಂದು ಆಟ ಮುಗಿಯುವ ತನಕ ಇದ್ದು, ಎಲೆ ಅಂಟುತ್ತವೆಯೋ ನೋಡಿ ಹೋಗಿ ಎಂದರು ಕಾಕಾ. ಕೂತೆ.

ಅವರು ಎಲೆಗಳನ್ನು ಕಲಸಿ, ಕವುಚಿ, ನಾಲ್ಕು ನಾಲ್ಕರಂತೆ ಗಡಿಯಾರದ ಹಾಗೆ ಸುತ್ತ ಹನ್ನೆರಡು ಗುಡ್ಡೆ ಇಟ್ಟರು, ನಡುವೆ ಒಂದು. ನಡುವಿನಿಂದ ಒಂದು ಎಲೆ ತೆರೆಯುವುದು. ಐದು ಬಂದರೆ ಐದರ ಜಾಗಕ್ಕೆ ಸೇರಿಸಿ, ಆ ಗುಡ್ಡೆಯಿಂದ ಮುಂದಿನದನ್ನು ತೆರೆಯುವುದು. ರಾಣಿಗೆ ಹನ್ನೆರಡರ ಜಾಗ, ರಾಜನಿಗೆ ನಡುವಿನದು. ನಾಲ್ಕನೆಯ ರಾಜ ತೆರೆದರೆ ಆಟ ಮುಗಿಯಿತು.

ಇಷ್ಟು ನನಗೂ ಗೊತ್ತಿದ್ದ ಆಟ. ಗೊತ್ತಿಲ್ಲದ್ದು ಒಂದಿತ್ತು. ತೆರೆದ ಪ್ರತಿ ಎಲೆಯ ಎರಡೂ ಕಣ್ಣಿಗೆ ಕಾಕಾ ವಿಭೂತಿ ಒರೆಸುತ್ತಿದ್ದರು.

ಯಾಕೆಂದು ಕೇಳಿದೆ. ಎಲೆ ಎತ್ತುತ್ತಲೇ ಹೇಳಿದರು. ನಮ್ಮಲ್ಲಿ ಸತ್ತವರನ್ನು ವಿಭೂತಿ ಹಚ್ಚಿ, ಹೂವು ಹಾಕಿ ಕೂರಿಸುತ್ತಾರಲ್ಲ, ಆಗ ಫೋಟೊ ತೆಗೆಯಲು ಇವರನ್ನೇ ಕರೆಯುತ್ತಿದ್ದರು. ಬಡವರ ಮನೆಗಳಲ್ಲಿ ಸತ್ತವರ ಬೇರೆ ಫೋಟೊ ಇರುತ್ತಿರಲಿಲ್ಲ. ಕಣ್ಣು ತೆರೆಸಿ ಕೊಡಿ ಎನ್ನುತ್ತಿದ್ದರು. ಇವರು ಫೋಟೊದ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದುಕೊಡುತ್ತಿದ್ದರು.

"ಕಣ್ಣ ತಗಸಿದಾಂವ ನಾನ. ಈಗ ಅವರಿಗೆ ನಿದ್ದಿ ಬರವಲ್ದು. ದಿನಾ ರಾತ್ರಿ ಮುಚ್ಚಬೇಕು. ಎಲಿ ತೆರೀದ ಉಳದವರು ಬಾಗಲಕ್ಕ ಬರತಾರ."

ಐವತ್ತೊಂದು ಸತ್ತವರ ನಡುವೆ ಜೀವಂತ ಶೋಭಾಳನ್ನು ಕೂರಿಸಿದ್ದೆ. ನನ್ನ ಕೈಯಾರೆ.

ತೊದಲುತ್ತ ಹೇಳಿದೆ, ಒಂದು ಎಲೆ ನನ್ನ ಹೆಂಡತಿಯದು, ಬದುಕಿದ್ದಾಳೆ ಎಂದು. ಕಾಕಾನ ಕೈ ನಿಂತಿತು.

"ಮೊದಲ ಹೇಳಬಾರದಿತ್ತೇನೋ ತಮ್ಮಾ? ಇಟ್ಟ ಆಟ ನಡುವ ಬಿಡಾಕ ಬರೂದಿಲ್ಲ. ಅಕಿ ಎಲಿ ತೆರೀತಂದ್ರ ಕಣ್ಣಿಗೆ ಹಚ್ಚಬೇಕಾಗತೈತಿ. ಹಚ್ಚಿದ್ರ..."

ಅವರ ಕೈ ಮುಂದಿನ ಎಲೆಗೆ ಹೋಯಿತು.

ಆಮೇಲಿನ ಒಂದೊಂದು ಎಲೆಗೂ ನಾನು ಸತ್ತು ಹುಟ್ಟಿದೆ. ಎಲೆ ಮಗುಚುವ ಸದ್ದು, ವಿಭೂತಿ ಒರೆಸುವ ಸದ್ದು... ಅಷ್ಟೇ. ಏಳು. ಎರಡು. ರಾಜ. ಒಂಬತ್ತು. ತೆರೆಯದಿರಲಿ ಶಿವನೇ, ತೆರೆಯದಿರಲಿ ಎಂದು ಬೇಡಿಕೊಂಡೆ. ಇಸ್ಪೀಟ್ ರಾಣಿ ಬಂದಾಗ ಉಸಿರು ನಿಂತೇಹೋಯಿತು, ಯಾರೋ ಮುದುಕಿಯ ಮುಖ. ಕೊನೆಗೆ ನಾಲ್ಕನೆಯ ರಾಜ ತೆರೆದ. ಹನ್ನೆರಡರ ಜಾಗದಲ್ಲಿ ಒಂದೇ ಒಂದು ಎಲೆ ಕವುಚಿಬಿದ್ದಿತ್ತು. ಅವಳದೇ.

ಉಳಿದಳು ಎಂದು ಕಣ್ಣಲ್ಲಿ ನೀರು ಬಂತು. ಕಾಕಾನ ಮುಖದಲ್ಲಿ ಮಾತ್ರ ಯಾವ ಸಮಾಧಾನವೂ ಇರಲಿಲ್ಲ. ಅವರು ಬಾಗಿಲನ್ನೇ ನೋಡುತ್ತಿದ್ದರು. ತೆರೆಯದೆ ಉಳಿದವರ ಮಾತು ನನಗೆ ಆಗ ನೆನಪಾಯಿತು.

ಟಕ್... ಟಕ್...

"ಏನ್ರೀ... ಬಾಗಲಾ ತಗೀರಿ. ಕಣ್ಣ ಉರಿಯಾಕತ್ತಾವ. ಮುಚ್ಚಾಕ ಬರವಲ್ದು."

ಹನ್ನೆರಡು ವರ್ಷ ಸಂಸಾರ ಮಾಡಿದ್ದೇನೆ, ಆ ದನಿ ಯಾರದೆಂದು ಯಾರೂ ಹೇಳಿಕೊಡಬೇಕಿಲ್ಲ. ಎದ್ದೆ. ಕಾಕಾ ನನ್ನ ರಟ್ಟೆ ಹಿಡಿದರು. ಒಳಗೆ ಕರೆದರೆ ಅವಳೂ ಈ ಸತ್ತವರ ಸಾಲಿಗೇ ಸೇರುತ್ತಾಳೆ ಎಂದು ಪಿಸುಗುಟ್ಟಿದರು. ಮನೆಗೆ ಫೋನು ಹಚ್ಚಿದೆ. ಶಿವಬಸವ ನಗರದ ನಮ್ಮ ಮನೆಯಲ್ಲಿ ರಿಂಗಾಗುತ್ತಿತ್ತು, ಇಲ್ಲಿ ಬಾಗಿಲು ಬಡಿಯುತ್ತಿತ್ತು. ಅಲ್ಲಿ ಅವಳು ಫೋನೆತ್ತಿದಳು. ಇಲ್ಲಿ ಬಡಿತ ನಿಂತಿತು.

"ಯಾರದೋ ಬಾಗಲಾ ಬಡ್ದಂಗ ಕನಸ ಬಿದ್ದಿತ್ತ ನೋಡ್ರಿ," ಅಂದಳು ನಿದ್ದೆಗಣ್ಣಿನಲ್ಲಿ. "ಹುಳಿ ಹುಳಿ ವಾಸನಿ... ನೀವ ಒಳಗಿದ್ರಿ. ಯಾಕ ತಗೀಲಿಲ್ಲ?"

ಆ ಎಲೆಯನ್ನು ಕಾಕಾ ತೆರೆಯದೆ ಹಾಗೆಯೇ ಕಾಗದದಲ್ಲಿ ಸುತ್ತಿ ಕೊಟ್ಟರು. ಹರಿಯಬೇಡ, ಸುಡಬೇಡ ಎಂದರು. ತಿಂಗಳ ಮೇಲೆ ಮತ್ತೆ ಹೋದಾಗ ಮನೆಗೆ ಬೀಗ ಹಾಕಿತ್ತು. ಎಲ್ಲಿ ಹೋದರೆಂದು ಅಕ್ಕಪಕ್ಕದ ತೋಟದವರಿಗೂ ಗೊತ್ತಿಲ್ಲ.

ಶೋಭಾ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ನಗುತ್ತಾಳೆ, ನನ್ನನ್ನು ಕಾಡಿಸುತ್ತಾಳೆ. ಆದರೆ ಆ ರಾತ್ರಿಯಿಂದ ಮಲಗಿದಾಗ ಅವಳ ಕಣ್ಣು ಮುಚ್ಚುವುದಿಲ್ಲ. ಗೊರಕೆ ಹೊಡೆಯುತ್ತಾಳೆ, ಕಣ್ಣು ತೆರೆದೇ ಇರುತ್ತವೆ. ಡಾಕ್ಟರು ಹನಿ ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ ಎದ್ದು ಉರಿ ಉರಿ ಎಂದು ಅಳುತ್ತಾಳೆ.

ಎಲೆ ನನ್ನ ಟ್ರಂಕಿನಲ್ಲಿದೆ. ಎಷ್ಟೋ ರಾತ್ರಿ ಅದನ್ನು ತೆಗೆದು ಕೈಯಲ್ಲಿ ಹಿಡಿದಿದ್ದೇನೆ, ಬೆರಳಿಗೆ ವಿಭೂತಿಯನ್ನೂ ತೆಗೆದುಕೊಂಡಿದ್ದೇನೆ. ಒರೆಸಿದರೆ ಅವಳಿಗೆ ನಿದ್ದೆ ಬರುತ್ತದೆ. ಬೆಳಿಗ್ಗೆ ಏಳುತ್ತಾಳೋ ಇಲ್ಲವೋ, ಅದನ್ನು ಹೇಳುವವರು ಯಾರೂ ಇಲ್ಲ. ನಿನ್ನೆಯೂ ಬೆರಳಿನ ವಿಭೂತಿಯನ್ನು ನನ್ನ ಹಣೆಗೇ ಒರೆಸಿಕೊಂಡು ದೀಪ ಆರಿಸಿದೆ. ಪಕ್ಕದಲ್ಲಿ ಅವಳು ಸೂರನ್ನು ನೋಡುತ್ತ ನಿದ್ದೆ ಮಾಡುತ್ತಿದ್ದಳು.