ಅತ್ತೆಗೆ ನಾನು ಹೇಳಿದ ಹಿಂದಿ ಕಥೆ

ಸುಶೀಲಾ, ನಿನ್ನ ಅವ್ವ ನಿನ್ನನ್ನು ಕರೆಯಲೇ ಇಲ್ಲ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೀಯಲ್ಲ — ಅವರು ಕರೆಯದ ಹಾಗೆ ಮಾಡಿದವಳು ನಾನು. ನಿನ್ನ ಅತ್ತಿಗೆ. ಟೀವಿಯ ಒಂದು ಧಾರಾವಾಹಿಯನ್ನು ಬೇಕೆಂದೇ ತಪ್ಪಾಗಿ ಹೇಳಿ, ಆ ಕೆಲಸ ಮಾಡಿದೆ.

ನೀನು ಮನೆಯವರ ಮಾತು ಮೀರಿ ಬೇರೆ ಜಾತಿಯ ಟೈಲರನನ್ನು ಮದುವೆಯಾಗಿ ಹೋದ ಮೇಲೆ, ನಂಜನಗೂಡಿನ ಈ ಮನೆಯಲ್ಲಿ ನಿನ್ನ ಹೆಸರು ಎತ್ತುವವರಿರಲಿಲ್ಲ. ಆಮೇಲೆ ಬಂದ ಸೊಸೆ ನಾನು. ಅತ್ತೆ ನನ್ನೊಂದಿಗೆ ಮಾತಾಡುತ್ತಿದ್ದುದೇ ಅಪರೂಪ — ಸಾರಿಗೆ ಉಪ್ಪು ಹೆಚ್ಚಾದರೆ, ಹಾಲು ಉಕ್ಕಿದರೆ.

ನಮ್ಮಿಬ್ಬರನ್ನು ಹತ್ತಿರ ತಂದದ್ದು ಟೀವಿ. ಆಗ ಮಧ್ಯಾಹ್ನದ ಹೊತ್ತು ಹಿಂದಿ ಧಾರಾವಾಹಿ ಬರುತ್ತಿತ್ತು. ಅತ್ತೆಗೆ ಹಿಂದಿಯ ಗಂಧವೇ ಇಲ್ಲ. ನಾನೋ ಹುಡುಗಿಯಾಗಿದ್ದಾಗ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದವಳು. ಟೀವಿಯಲ್ಲಿ ಅವರು ಒಂದು ಮಾತಾಡಿದರೆ ಇಲ್ಲಿ ನಾನು ಕನ್ನಡದಲ್ಲಿ ಹೇಳುವುದು. 'ಏನಂತೆ? ಈಗೇನಂದ್ಲು?' ಎಂದು ಅತ್ತೆ ನನ್ನ ಮೊಣಕೈ ಹಿಡಿದು ಕೇಳುವರು. ಬರುಬರುತ್ತಾ ಅವರೆಕಾಯಿ ಸುಲಿಯುತ್ತಾ ನನ್ನ ಪಕ್ಕದಲ್ಲೇ ಕೂರತೊಡಗಿದರು. ನನ್ನ ತಲೆಗೆ ಎಣ್ಣೆ ಹಚ್ಚಿದರು. ಒಂದು ದಿನ 'ಮಗಾ' ಎಂದರು. ನಾನು ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಆ ಒಂದು ಪದಕ್ಕೆ ಸೋತುಹೋದೆ.

ಆ ಧಾರಾವಾಹಿಯಲ್ಲೂ ಒಬ್ಬ ತಾಯಿ, ಮನೆ ಬಿಟ್ಟು ಹೋಗಿ ಮದುವೆಯಾದ ಮಗಳು. ಬಂಗಲೆ, ಕಾರು, ಆಳುಕಾಳು — ನಮ್ಮ ಹೆಂಚಿನ ಮನೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಆ ತಾಯಿ ಮಗಳ ಕೋಣೆಯ ಬಾಗಿಲು ತೆಗೆದು ಸುಮ್ಮನೆ ನಿಂತಾಗ, ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಸುಲಿಯದೆ ಹಾಗೇ ಉಳಿಯುತ್ತಿತ್ತು. 'ಸುಳ್ಳು ಕತೆಗೆ ಅಳ್ತಾವ್ಳೆ ನೋಡು' ಎಂದು ಮಾವ ನಗುತ್ತಿದ್ದರು. ಅತ್ತೆ ಅಳುತ್ತಿದ್ದುದು ಸುಳ್ಳು ಕಥೆಗಲ್ಲ. ನಿನಗಾಗಿ ಅಳಲು ಈ ಮನೆಯಲ್ಲಿ ಅವರಿಗೆ ಬೇರೆ ಜಾಗವಿರಲಿಲ್ಲ, ಅಷ್ಟೇ.

ಒಂದು ಶುಕ್ರವಾರ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: 'ಈಯಮ್ಮ ಮಗಳ್ನ ಕರ್ಸ್ಕತಾಳೋ ಇಲ್ವೋ ನೋಡಾನ ಕಣವ್ವ. ಅವ್ಳು ಕರ್ಸ್ಕಂಡ್ರೆ ನಾನೂ ಸುಸೀಲನ್ನ ಕರ್ಸ್ಕತೀನಿ. ನಿಮ್ಮಾವ ಏನಾರ ಅಂದ್ಕಳ್ಲಿ. ಅವ್ಳಿರೋ ನರಸೀಪುರ ಏನ್ ದೂರ? ನೀನೇ ಓಗಿ ಕರ್ಕಂಡ್ ಬಂದ್ಬುಡು.'

ಆಗಲಿ ಎಂದೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ನೀನು ಬಂದರೆ ಹೆತ್ತ ಮಗಳು ಬಂದ ಹಾಗೆ. ನಾನು ಮತ್ತೆ ಉಪ್ಪು ಹೆಚ್ಚು ಹಾಕುವ ಸೊಸೆ — ಇದೊಂದೇ ತಲೆಯಲ್ಲಿ.

ಸೋಮವಾರ ಟೀವಿಯ ತಾಯಿ ಫೋನು ಎತ್ತಿಕೊಂಡಳು. ಅತ್ತು ಅತ್ತು ಹೇಳಿದಳು — ತಪ್ಪು ನನ್ನದು, ಮನೆಗೆ ಬಾ ಮಗಳೇ ಎಂದು. ಅತ್ತೆ ನನ್ನ ಮೊಣಕೈ ಹಿಡಿದರು. 'ಏನಂದ್ಲವ್ವಾ?'

'ಬರ್ಬೇಡ ಅಂತಿದಾಳೆ ಅತ್ತೆ. ಅಲ್ಲೇ ಸುಖವಾಗಿರು, ನೀನು ಬಂದ್ರೆ ಈ ಮನೆ ಒಡೆದೋಗುತ್ತೆ ಅಂತಿದಾಳೆ.'

ಬಾ ಎನ್ನುವಾಗಲೂ ಬರಬೇಡ ಎನ್ನುವಾಗಲೂ ತಾಯಿಯ ಅಳು ಒಂದೇ ಥರ ಇರುತ್ತದೆ, ಸುಶೀಲಾ. ಅವರಿಗೆ ಅನುಮಾನವೇ ಬರಲಿಲ್ಲ. 'ಆಯಮ್ಮ ತಿಳ್ದೋಳು, ಸರ್ಯಾಗೇ ಏಳಿರ್ತಾಳೆ' ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದುಹೋದರು. ಮತ್ತೆಂದೂ ಆ ಧಾರಾವಾಹಿಯ ಮುಂದೆ ಕೂರಲಿಲ್ಲ, ನಿನ್ನ ಮಾತೂ ಎತ್ತಲಿಲ್ಲ. ನನ್ನನ್ನು ಮಾತ್ರ ಕೊನೆಯವರೆಗೂ 'ಮಗಾ' ಎಂದೇ ಕರೆದರು. ನನಗೆ ಬೇಕಾಗಿದ್ದುದು ಸಿಕ್ಕಿತು. ಸಿಕ್ಕಿತು, ಆದರೆ ಕರೆದಾಗಲೆಲ್ಲ...

ಅವರು ತೀರಿಕೊಂಡ ದಿನ ನೀನು ಬಂದೆ. ನನ್ನನ್ನು ತಬ್ಬಿಕೊಂಡು 'ಅವ್ವನ್ನ ಮಗಳಂಗೆ ನೋಡ್ಕಂಡ್ರಿ ಅತ್ಗೆ' ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದಾಗ, ಯಾವುದೋ ಕನ್ನಡ ಧಾರಾವಾಹಿ ನೋಡುತ್ತಾ ನೀನು ಕಣ್ಣೊರೆಸಿಕೊಂಡೆ. ನಾನು ತಮಾಷೆ ಮಾಡಿದೆ. ನೀನು ನಗುತ್ತಲೇ ಹೇಳಿದೆ: 'ಆಗ ಮಧ್ಯಾನ ಒಂದ್ ಹಿಂದಿ ಸೀರಿಯಲ್ ಬತ್ತಿತ್ತಲ್ಲ ಅತ್ಗೆ, ಅದ್ರಲ್ಲಿ ಅವ್ವ ಫೋನ್ ಮಾಡಿ ಮಗಳ್ನ ಕರೀತಾಳೆ. ನಮ್ಮವ್ವನೂ ನೋಡಿರ್ತಾಳೆ, ನಾಳೆ ಯಾರ್ನಾರ ಕಳುಸ್ತಾಳೆ ಅಂತ ಬ್ಯಾಗಿಗೆ ಬಟ್ಟೆ ತುಂಬಿಟ್ಟಿದ್ದೆ. ಯಾರೂ ಬರ್ನಿಲ್ಲ. ಅದ್ನ ನೋಡೂ ಕರಗ್ನಿಲ್ವಲ್ಲ, ಕಲ್ಲು ಮನ್ಸು ಅಂದ್ಕಂಡೆ.'

ಮದುವೆಯಾದ ಹೊಸದರಲ್ಲಿ, ನರಸೀಪುರಕ್ಕೆ ಬರುವ ಮೊದಲು, ಪುಣೆಯಲ್ಲಿದ್ದ ನಿನಗೆ ಹಿಂದಿ ಬರುತ್ತದೆಂದು ನನಗೆ ಗೊತ್ತಾದದ್ದು ಅಂದೇ. ನಾನು ಕಾಫಿ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಕಲ್ಲು ಮನಸ್ಸು ಅವರದಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನರಸೀಪುರಕ್ಕೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕದೆ, ಇಲ್ಲಿ ಬರೆದದ್ದನ್ನೆಲ್ಲ ನಿನ್ನೆದುರು ನಿಂತು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ ಹೇಳುತ್ತೇನೆ. ಅತ್ತೆ ಆ ಶುಕ್ರವಾರ ನನಗೊಪ್ಪಿಸಿದ ಕೆಲಸ ಅದು — ಅವ್ವ ಕರೆಯುತ್ತಿದ್ದಾರೆ, ಬಾ ಎಂದು ನಿನ್ನ ಬಾಗಿಲಲ್ಲಿ ನಿಂತು ಹೇಳುವುದು.