ನಮಗೆ ಸೀಡ್ ಸಿಕ್ಕ ವರ್ಷ

ನನ್ನ ಊಹೆ ತಪ್ಪಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಹುಡುಗಿಯರ ವಾಲಿಬಾಲ್ ಪಂದ್ಯಾವಳಿಗೆ ಯಾವ ಯಾವ ತಂಡ ಆಯ್ಕೆಯಾಗುತ್ತದೆ, ಯಾರಿಗೆ ಸೀಡ್ ಸಿಗುತ್ತದೆ, ಮೊದಲ ಸುತ್ತಿನಲ್ಲಿ ಯಾರಿಗೆ ಎಂಥವರು ಗಂಟು ಬೀಳುತ್ತಾರೆ ಎಂಬುದನ್ನೆಲ್ಲ ಕೋಬೆಯ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಹೇಳಿದೆ. ಹೇಳಿದ ಹಾಗೇ ಆಯಿತು. ಇಷ್ಟು ಸರಿಯಾಗಿ ಹೇಳಿದವರಿಗೆ ಖುಷಿಯಾಗಬೇಕು. ನನಗೆ ಆ ಡಿಸೆಂಬರ್ ನೆನೆದರೆ ಈಗಲೂ ಬಾಯೆಲ್ಲ ಕಹಿಯಾಗುತ್ತದೆ.

ನನ್ನ ಕೆಲಸವೇ ಊಹಿಸುವುದು. ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮಳೆ ಎಷ್ಟು ಬಂದರೆ ಯಾವ ನದಿ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕುತ್ತೇನೆ. ಅಲ್ಲಿ ಎಲ್ಲ ವ್ಯವಹಾರ ಇಂಗ್ಲಿಷಿನಲ್ಲಿ. ಹಾಗಾಗಿ ಇಷ್ಟು ವರ್ಷವಾದರೂ ನನ್ನ ಜಪಾನಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು, ಮೊಸರು ಕೊಳ್ಳುವಷ್ಟಕ್ಕೇ ನಿಂತಿದೆ. ಮಗಳು ಹಾಗಲ್ಲ. ಒಂದನೇ ಕ್ಲಾಸಿಗೆ ಇಲ್ಲಿಯ ಶಾಲೆಗೆ ಸೇರಿದವಳು, ಜಪಾನಿಯಲ್ಲೇ ಜಗಳವಾಡುತ್ತಾಳೆ, ನಿದ್ದೆಯಲ್ಲೂ ಜಪಾನಿಯಲ್ಲೇ ಬಡಬಡಿಸುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ ಬರುತ್ತದೆ. ವಾಲಿಬಾಲ್ ಒಂದೇ ಅವಳು ನನ್ನಿಂದ ತೆಗೆದುಕೊಂಡದ್ದು. ನಾನು ಮೈಸೂರಿನಲ್ಲಿ ಕಾಲೇಜು ತಂಡದ ಲಿಫ್ಟರ್ ಆಗಿದ್ದೆ, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವವಳು. ಅವಳೂ ಅದೇ. ಇಲ್ಲಿ ಸೆಟ್ಟರ್ ಎನ್ನುತ್ತಾರೆ.

ಯೂನಿವರ್ಸಿಟಿ ತಂಡಕ್ಕೆ ಸೇರಿದ ಮೇಲೆ ಮೂರು ವರ್ಷ ಅವಳು ಪಂದ್ಯಾವಳಿಯನ್ನು ಗ್ಯಾಲರಿಯಿಂದಲೇ ನೋಡಿದಳು. ಬೆಳಗಿನ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಹೋಗಿ ನೆಟ್ ಕಟ್ಟುವುದು, ಚೆಂಡು ಒರೆಸುವುದು, ಆಟದ ದಿನ ಮೇಲೆ ನಿಂತು ತಾಳಕ್ಕೆ ತಕ್ಕಂತೆ ಕೂಗುವುದು. ನಾಲ್ಕನೇ ವರ್ಷ ಕೊನೆಯ ವರ್ಷ. ವರ್ಷದ ಕೊನೆಗೆ ನಡೆಯುವ ಅಖಿಲ ಜಪಾನ್ ಪಂದ್ಯಾವಳಿಯಲ್ಲಿ ಬೆನ್ನಿನ ಮೇಲೆ ನಂಬರ್ ಇರುವ ಜೆರ್ಸಿ ಹಾಕಿಕೊಂಡು ಒಂದೇ ಒಂದು ಸಲ ಅಂಗಳಕ್ಕೆ ಇಳಿಯಬೇಕು, ಅಷ್ಟೇ ಅವಳ ಆಸೆ. ಗೆಲ್ಲುವ ಮಾತನ್ನು ಅವಳು ಎತ್ತಿದ್ದೇ ಇಲ್ಲ.

ಊಹೆಯ ಹುಚ್ಚು ಹಿಡಿದದ್ದು ನನಗೆ. ಅವಳ ಮೊದಲ ವರ್ಷ, ಆಟ ನೋಡುವುದಕ್ಕೆ ಟೋಕಿಯೋಗೆ ಹೋಗಬೇಕೋ ಬೇಡವೋ ಎಂದು ತಿಳಿಯಲು ಸುಮ್ಮನೆ ಲೆಕ್ಕ ಹಾಕಿದೆ. ಸೀಡ್ ಕೊಡುವವರು ಮನಸ್ಸಿಗೆ ಬಂದ ಹಾಗೆ ಕೊಡುವುದಿಲ್ಲ. ಹೋದ ವರ್ಷ ಯಾವ ತಂಡ ಎಲ್ಲಿಯವರೆಗೆ ಬಂತು, ಅದರ ಪ್ರಾಂತ್ಯದ ಶರತ್ಕಾಲದ ಲೀಗ್‌ನಲ್ಲಿ ಎಷ್ಟನೇ ಸ್ಥಾನ ಪಡೆಯಿತು ಎಂಬುದನ್ನು ನೋಡಿ ಬಲವಾದ ತಂಡಗಳನ್ನು ಪಂದ್ಯಪಟ್ಟಿಯ ಬೇರೆ ಬೇರೆ ಮೂಲೆಯಲ್ಲಿ ಕೂರಿಸುತ್ತಾರೆ. ಅವು ಮೊದಲ ದಿನವೇ ಪರಸ್ಪರ ಬಡಿದಾಡಿಕೊಂಡು ಮನೆಗೆ ಹೋಗದಿರಲಿ ಎಂದು. ಒಂದೇ ಪ್ರಾಂತ್ಯದ ಎರಡು ತಂಡಗಳನ್ನು ಮೊದಲ ಸುತ್ತಿನಲ್ಲಿ ಎದುರುಬದುರು ಹಾಕುವುದಿಲ್ಲ. ಉಳಿದವರಿಗೆ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಯಾರು ಬರುತ್ತಾರೆಂದು ದೇವರೇ ಹೇಳಬೇಕು, ಆದರೆ ಡಬ್ಬದಲ್ಲಿ ಉಳಿಯುವ ಚೀಟಿಗಳು ಯಾವುವು ಎಂದು ಹೇಳುವುದಕ್ಕೆ ನನ್ನಂಥವಳು ಸಾಕು.

ನಮ್ಮ ತಂಡಕ್ಕೆ ಸೀಡ್ ಇಲ್ಲ, ಟೋಕಿಯೋದ ಒಂದು ದೈತ್ಯ ತಂಡದ ಕೈಗೆ ಸಿಕ್ಕಿಬೀಳುತ್ತದೆ ಎಂದು ಪೋಷಕರ ಫೋನ್ ಗುಂಪಿನಲ್ಲಿ ಯಂತ್ರಾನುವಾದದ ಜಪಾನಿಯಲ್ಲಿ ಬರೆದು ಹಾಕಿದೆ. ಹಾಗೇ ಆಯಿತು. ಮರುವರ್ಷವೂ ಆಯಿತು, ಅದರ ಮರುವರ್ಷವೂ ಆಯಿತು. ನನ್ನೊಡನೆ ಎರಡು ಮಾತಾಡಲು ಹೆದರುತ್ತಿದ್ದ ತಾಯಂದಿರು ನನ್ನನ್ನು ಸೆನ್ಸೇ, ಅಂದರೆ ಗುರುಗಳೇ, ಎಂದು ಕರೆಯತೊಡಗಿದರು. ಪೋಷಕರ ಸಂಘದ ಮುಖ್ಯಸ್ಥೆ ಅಕ್ಟೋಬರ್ ಬಂದರೆ ಸಾಕು, ಈ ವರ್ಷದ ಭವಿಷ್ಯ ಯಾವಾಗ ಎಂದು ಕೇಳುತ್ತಿದ್ದರು. ನಾನು ಉಬ್ಬಿದೆ. ನದಿ ಏರುತ್ತದೆ ಎಂದು ಹೇಳಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ ನೋಡಿ.

ನಾಲ್ಕನೇ ವರ್ಷ ತಂಡ ಲೀಗ್‌ನಲ್ಲಿ ಚೆನ್ನಾಗಿ ಆಡಿತು. ಹೊಸದಾಗಿ ಬಂದ ಮೊದಲ ವರ್ಷದ ಹುಡುಗಿಯರು ಎತ್ತರವಾಗಿದ್ದರು, ಅವರಲ್ಲಿ ಒಬ್ಬಳು ಸೆಟ್ಟರ್. ನಾನು ಮೂರು ಸಲ ಲೆಕ್ಕ ನೋಡಿದೆ. ನಮಗೆ ಸೀಡ್ ಬರುತ್ತದೆ, ಮೊದಲ ಆಟ ಉತ್ತರದ ಕಡೆಯ ಯಾವುದೋ ಸಣ್ಣ ಕಾಲೇಜಿನ ಮೇಲೆ. ನನ್ನ ಗಂಡನಿಗೆ ವಾಲಿಬಾಲ್ ಎಂದರೆ ಕೈ ಕೆಂಪಾಗುವ ಆಟ ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ. ಅವರೂ "ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಕಣೇ" ಎಂದರು. ಬೆಳಿಗ್ಗೆಯೇ ಗುಂಪಿಗೆ ಹಾಕಿದೆ. ಮುಖ್ಯಸ್ಥೆ ಅದನ್ನು ಕಂತೋಕುವಿಗೆ, ಅಂದರೆ ತಂಡವನ್ನು ನಡೆಸುವ ಹಿರಿಯ ಕೋಚ್‌ಗೆ, ತಲುಪಿಸುವುದಾಗಿ ಬರೆದರು.

ಸಂಜೆ ಮಗಳು ಅಭ್ಯಾಸ ಮುಗಿಸಿ ಬಂದು ಊಟಕ್ಕೆ ಕೂತಳು. ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿ ಬಡಿಸುತ್ತ ಸುದ್ದಿ ಹೇಳಿದೆ.

"ಅಮ್ಮ, ಗ್ರೂಪ್‌ಗೆ ಹಾಕ್ಬಿಟ್ಯಾ?" ಎಂದಳು.

"ಬೆಳಿಗ್ಗೇನೇ ಹಾಕ್ದೆ. ಎಲ್ರೂ ಕುಣೀತಿದಾರೆ. ಯಾಕೆ ಪುಟ್ಟಾ?"

"ನೀನು ಶ್ಯೂರಾ?"

"ತೊಂಬತ್ತು ಪರ್ಸೆಂಟ್ ಶ್ಯೂರ್."

ಚಮಚ ಕೆಳಗಿಟ್ಟಳು. "ಓಕೆ. ದೆನ್ ಐ ವೋಂಟ್ ಪ್ಲೇ," ಎಂದಳು, ನಾಳೆ ಬಸ್ ಇಲ್ಲ ಎನ್ನುವಷ್ಟೇ ತಣ್ಣಗೆ.

ನನಗೆ ತಲೆಬುಡ ತಿಳಿಯಲಿಲ್ಲ. ಆಗ ಬಿಡಿಸಿ ಹೇಳಿದಳು. ಜೆರ್ಸಿ ಸಿಗುವ ಹದಿನಾಲ್ಕು ಜನರ ಹೆಸರನ್ನು ಕಂತೋಕು ಪಂದ್ಯಾವಳಿಗೆ ಕಳಿಸಬೇಕಾದದ್ದು ಸೀಡ್ ಹಂಚುವ ಮೊದಲು. ದೈತ್ಯ ತಂಡವೇ ಎದುರು ಬರುತ್ತದೆ, ಹೇಗೂ ಸೋಲುತ್ತೇವೆ ಎಂದುಕೊಂಡು ಪ್ರತಿ ವರ್ಷವೂ ಅವರು ಕೊನೆಯ ಕೆಲವು ಸ್ಥಾನಗಳನ್ನು ಎಂದೂ ಆಡದ ನಾಲ್ಕನೇ ವರ್ಷದವರಿಗೆ ಕೊಡುತ್ತಿದ್ದರು. ಎರಡು ಸೆಟ್ ಹೋಗಿ ಮೂರನೆಯದೂ ಕೈತಪ್ಪುವ ಹೊತ್ತಿಗೆ ಅವರನ್ನೆಲ್ಲ ಅಂಗಳಕ್ಕೆ ಬಿಡುತ್ತಿದ್ದರು. ಮನೆಗೆ ಒಯ್ಯಲು ಒಂದು ನೆನಪಿರಲಿ ಎಂದು. ಒಮೊಯ್ದೆ ಎನ್ನುತ್ತಾರಂತೆ ಅದಕ್ಕೆ. ಹೋದ ವರ್ಷಗಳಲ್ಲಿ ನಾನೂ ನೋಡಿದ್ದೆ. ಸೋಲುವ ಆಟದಲ್ಲಿ ಹುಡುಗಿಯರು ಅಳುತ್ತ, ನಗುತ್ತ ಒಳಗೆ ಓಡುವುದನ್ನು ಕಂಡು, ಇದೇನು ವಿಚಿತ್ರ ಎಂದುಕೊಂಡಿದ್ದೆ. ಗೆಲ್ಲುವ ಸಾಧ್ಯತೆಯಿದ್ದರೆ ಈ ದಾಕ್ಷಿಣ್ಯವಿಲ್ಲ. ಗಟ್ಟಿ ಆಟಗಾರರಿಗೇ ಜಾಗ. ನನ್ನ ಮಗಳು ನಾಲ್ಕು ವರ್ಷ ಕಾದದ್ದು ಒಂದು ಒಳ್ಳೆಯ ಸೋಲಿಗಾಗಿ.

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?" ಎಂದು ರೇಗಿದೆ.

"ಟೀಮ್ ಸೋಲ್ಲಿ ಅಂತ ಹೇಗಮ್ಮ ಹೇಳೋದು?" ಎಂದಳು.

ಮೈಸೂರಿನಲ್ಲಿ ನಮ್ಮ ಕಾಲಕ್ಕೆ ಆಯ್ಕೆಯೆಂದರೆ ವಶೀಲಿ. ಆಯ್ಕೆ ಮಾಡುವವರ ತಂಗಿಯ ಮಗಳು ಕೈ ಎತ್ತಲು ಬಾರದಿದ್ದರೂ ತಂಡದಲ್ಲಿರುತ್ತಿದ್ದಳು, ನಾವು ಕ್ಯಾಂಟೀನಿನಲ್ಲಿ ಕೂತು ಅವರ ವಂಶವನ್ನೆಲ್ಲ ಜಾಲಾಡುತ್ತಿದ್ದೆವು. ಬೈದ ಮೇಲೆ ಹೊಟ್ಟೆ ತಣ್ಣಗಾಗುತ್ತಿತ್ತು. ಇಲ್ಲಿ ಯಾರನ್ನು ಬೈಯಲಿ? ಎಲ್ಲರೂ ನ್ಯಾಯವಂತರು, ಎಲ್ಲರೂ ಬಾಗಿ ನಮಸ್ಕರಿಸುವವರು. ಕಂತೋಕು ಬಲವಾದ ತಂಡ ಆರಿಸಿದರೆ ತಪ್ಪೇ? ನಾನು ಸರಿಯಾದ ಲೆಕ್ಕ ಹೇಳಿದರೆ ತಪ್ಪೇ? ಆ ಪ್ರಶ್ನೆಯನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡೆನೋ. ಪ್ರತಿ ಸಲವೂ ತಪ್ಪಲ್ಲ ಎಂಬ ಉತ್ತರ ಬಂತು, ಒಂದು ಸಲವೂ ಅದರಿಂದ ಸಮಾಧಾನವಾಗಲಿಲ್ಲ.

ಜೆರ್ಸಿ ಕೊಡುವುದಕ್ಕೂ ಇಲ್ಲಿ ಒಂದು ಕ್ರಮವಿದೆ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಕಂತೋಕು ಒಂದೊಂದೇ ನಂಬರ್ ಕೂಗುತ್ತಾರೆ. ಕರೆದವಳು ಹೈ ಎಂದು ಓಗೊಟ್ಟು, ಮುಂದೆ ಹೋಗಿ, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಕೊನೆಯ ನಂಬರ್ ಆ ಎತ್ತರದ ಮೊದಲ ವರ್ಷದ ಸೆಟ್ಟರ್‌ಗೆ ಹೋಯಿತಂತೆ. ಹೆಸರು ಬಾರದವರು ಚಪ್ಪಾಳೆ ತಟ್ಟಬೇಕು. ತಟ್ಟಿದೆ ಎಂದಳು ಮಗಳು. ಮರುದಿನ ಅವಳನ್ನು ಗ್ಯಾಲರಿಯ ಕೂಗಿನ ಮುಖ್ಯಸ್ಥೆಯನ್ನಾಗಿ ಮಾಡಿದರು. ದೊಡ್ಡ ಜವಾಬ್ದಾರಿ ಎಂದು ಪೋಷಕರ ಗುಂಪಿನಲ್ಲಿ ನನಗೆ ಅಭಿನಂದನೆಗಳು ಬಂದವು. ಫೋನ್ ಗೋಡೆಗೆ ಎಸೆಯಬೇಕು ಅನ್ನಿಸಿತು.

ಸೀಡ್ ಪ್ರಕಟವಾಯಿತು. ನಾನು ಹೇಳಿದ ಮೂಲೆ, ನಾನು ಹೇಳಿದ ಹಾಗೇ ಉತ್ತರದ ಒಂದು ಸಣ್ಣ ಕಾಲೇಜು. ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಟೋಕಿಯೋಗೆ ಹೋದೆವು. ಎಡೋಗಾವಾದಲ್ಲಿರುವ ಪರಿಚಯದ ಮೈಸೂರಿನವರ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಅವರು ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದುಕೊಂಡು ಕ್ರೀಡಾಂಗಣಕ್ಕೆ ಹೋದೆವು. ಮಗಳು ಗ್ಯಾಲರಿಯ ಕಂಬಿಗೆ ಆತುಕೊಂಡು ನಿಂತಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ಕಿನ ಕಹಳೆ. ಅವಳ ಕೂಗಿಗೆ ಉಳಿದವರು ದನಿ ಕೂಡಿಸುತ್ತಿದ್ದರು. ಮೊದಲ ಸೆಟ್ ಗೆದ್ದೆವು. ಆಮೇಲೆ ಆ ಸಣ್ಣ ಕಾಲೇಜಿನ ಹುಡುಗಿಯರು ನೆಲಕ್ಕೆ ಬಿದ್ದು ಬಿದ್ದು ಪ್ರತಿ ಚೆಂಡನ್ನೂ ಎತ್ತತೊಡಗಿದರು. ನಮ್ಮ ಎತ್ತರದ ಸೆಟ್ಟರ್‌ನ ಲಯ ತಪ್ಪಿದ್ದು ನನಗೆ ಮೇಲಿನಿಂದಲೇ ಕಾಣಿಸಿತು. ಚೆಂಡು ನೆಟ್‌ಗೆ ತೀರಾ ಹತ್ತಿರ ಹೋಗಿ ಹೊಡೆಯುವವರಿಗೆ ಸಿಗುತ್ತಿರಲಿಲ್ಲ. ಮುಂದಿನ ಮೂರೂ ಸೆಟ್ ಸೋತೆವು. ಕೊನೆಯ ಚೆಂಡು ಬೀಳುವವರೆಗೂ ಗೆಲ್ಲುವ ಆಸೆಯಿತ್ತು. ಹಾಗಾಗಿ ಯಾರಿಗೂ ನೆನಪಿನ ಆಟ ಸಿಗಲಿಲ್ಲ. ಮಗಳು ಕೊನೆಯವರೆಗೂ ಕೂಗಿ, ದನಿ ಒಡೆದುಹೋಗಿ ಬರೀ ಬಾಯಿ ಆಡಿಸುತ್ತಿದ್ದಳು.

ಆಟ ಮುಗಿದ ಮೇಲೆ ಕ್ರೀಡಾಂಗಣದ ಹೊರಗಿನ ಓಣಿಯಲ್ಲಿ ಪೋಷಕರು ಸಾಲಾಗಿ ನಿಂತೆವು. ಕಂತೋಕು ಒಬ್ಬೊಬ್ಬರಿಗೂ ನಮಸ್ಕರಿಸುತ್ತ ಬಂದರು. ಕಣ್ಣು ಕೆಂಪಾಗಿತ್ತು, ಕೆಟ್ಟ ಮನುಷ್ಯನಲ್ಲ, ಅದೇ ಇನ್ನಷ್ಟು ಸಿಟ್ಟು ಬರಿಸಿತು. ನನ್ನ ಮುಂದೆ ನಿಂತು ತುಂಬ ಹೊತ್ತು ಏನೋ ಹೇಳಿದರು. ನನಗೆ ಅರ್ಥವಾಗದೆ ಪಕ್ಕದಲ್ಲಿದ್ದ ಮಗಳನ್ನು ನೋಡಿದೆ. ಇಂಗ್ಲಿಷಿನಲ್ಲಿ ಹೇಳಿದರೆ ಸುತ್ತಲಿನವರಿಗೂ ತಿಳಿಯುತ್ತದೆ ಎಂದೋ ಏನೋ, ಕನ್ನಡದಲ್ಲೇ ಹೇಳಿದಳು. ಒಡೆದ ದನಿಯಲ್ಲಿ, ತಡವರಿಸಿಕೊಂಡು.

"ಅಮ್ಮ, ಸೀಡ್ ಬರತ್ತೆ ಅಂತ ನೀನು ಮೊದ್ಲೇ ಹೇಳಿದ್ದಕ್ಕೆ, ಯಾರ್ನ ಆಡಿಸ್ಬೇಕು ಅಂತ ಡಿಸೈಡ್ ಮಾಡಕ್ಕೆ ಈಸಿ ಆಯ್ತಂತೆ. ನಿಂಗೆ ಥ್ಯಾಂಕ್ಸ್ ಅಂತೆ. ನೆಕ್ಸ್ಟ್ ಇಯರೂ ಹೇಳ್ಬೇಕಂತೆ."

ನನಗೆ ಮೈಯೆಲ್ಲ ಉರಿಯಿತು. "ಹೇಳು ಇವ್ರಿಗೆ," ಎಂದೆ. "ನಾಲ್ಕು ವರ್ಷ ಚೆಂಡು ಒರೆಸಿದ ಹುಡುಗಿನ ಒಂದು ಸಲ ಒಳಗೆ ಬಿಟ್ಟಿದ್ರೆ ಇವ್ರ ಗಂಟೇನು ಹೋಗ್ತಿತ್ತು ಅಂತ ಕೇಳು. ಹೇಗೂ ಸೋತ್ರಲ್ಲ, ಅದನ್ನೂ ಕೇಳು. ನಾನು ಹೇಳಿದ್ದು ಅಂತಲೇ ಹೇಳು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ನೇರವಾಗಿ ನಿಂತು ಜಪಾನಿಯಲ್ಲಿ ಹೇಳಿದಳು. ಅಮ್ಮ ತುಂಬ ಸಂತೋಷಪಟ್ಟಿದ್ದಾರೆ, ನಾಲ್ಕು ವರ್ಷ ನನ್ನನ್ನು ನೋಡಿಕೊಂಡದ್ದಕ್ಕೆ ಧನ್ಯವಾದ, ಅರಿಗಾತೋ ಗೊಜಾಯಿಮಾಶಿತಾ. ಅಷ್ಟು ಜಪಾನಿ ನನಗೂ ಬರುತ್ತದೆ. ಕಂತೋಕು ಇನ್ನಷ್ಟು ಬಾಗಿದರು. ಮಗಳು ನನ್ನ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಒತ್ತಿದಳು. ನಾನೂ ಬಾಗಿದೆ.